ಕಡಲ ಬೋಟಿನಲ್ಲಿ ನಿಸ್ತಂತು ಸಂಪರ್ಕ

ಮಲ್ಪೆಯ ಆಳಸಮುದ್ರದ ಬೋಟುಗಳು ಒಮ್ಮೆ ಹೊರಟರೆ ಎಂಟು ಹತ್ತು ದಿನ ಮರಳುವುದಿಲ್ಲ. ಅಷ್ಟು ದಿನವೂ ಮನೆಯವರ ಕಿವಿಯೆಲ್ಲ ಮೊಬೈಲಿನ ಕಡೆಗೇ ಇರುವುದೆಂಬುದನ್ನು ಕರಾವಳಿಯ ವಾಚಕರಿಗೆ ನಾವು ಹೇಳಬೇಕಾದುದಿಲ್ಲ. 2018ನೆಯ ಇಸವಿಯ ದಶಂಬರದಲ್ಲಿ ‘ಸುವರ್ಣ ತ್ರಿಭುಜ’ವೆಂಬ ಬೋಟು ಏಳು ಮಂದಿಯೊಡನೆ ಕಣ್ಮರೆಯಾದುದನ್ನು ಇಲ್ಲಿ ಯಾರೂ ಮರೆತಿಲ್ಲ.

ನಮ್ಮ ಹಳೆಯ ಶಿಷ್ಯನೊಬ್ಬನು ಅಲ್ಲಿ ತಾಂಡೇಲನಾಗಿದ್ದಾನೆ. “ಮಾಷ್ಟ್ರೇ, ದಡ ಹತ್ತಿರ ಬಂದರೂ ಕ್ಯಾಬಿನ್ನಿನೊಳಗೆ ಇಂಟರ್‌ನೆಟ್ಟು ಹತ್ತುವುದಿಲ್ಲ, ಗಾಳಿಮಳೆಯ ಸೂಚನೆಯೂ ಕಾಣುವುದಿಲ್ಲ” ಎಂದು ಆತನು ಹೇಳಿದುದರಿಂದ, ಜೂನ್ 1ರಿಂದ ಜುಲೈ 31ರ ವರೆಗಿನ ನಿಷೇಧಕಾಲದಲ್ಲಿ ನಾವು ಆ ಬೋಟನ್ನು ಹತ್ತಿ ನೋಡಿದೆವು. ಶಬ್ದರೂಪಾವಳಿ ಕಲಿಸಿದವರಿಗೆ ಈ ಉಸಾಬರಿ ಏಕೆಂದು ನಮ್ಮ ಮನೆಯಲ್ಲಿ ಕೇಳದಿರಲಿಲ್ಲ.

ಉಕ್ಕಿನ ಗೋಡೆಯು ಅಲೆಗಳನ್ನು ತಡೆಯುತ್ತದೆ. ಆದುದರಿಂದ ಆಂಟೆನಾ ಹೊರಗಿರತಕ್ಕುದು, ಅದೂ ಎತ್ತರದಲ್ಲಿ. ಏಕೆಂದರೆ ಭೂಮಿಯ ದುಂಡುತನವು ದೂರದ ಗೋಪುರವನ್ನು ಮರೆಮಾಡುವುದು. ಲೆಕ್ಕವು ಸುಲಭ: ಎತ್ತರದ ಮೀಟರುಗಳ ವರ್ಗಮೂಲವನ್ನು ನಾಲ್ಕರಿಂದ ಗುಣಿಸಿದರೆ ಅಲೆಯ ದಿಗಂತವು ಸುಮಾರಾಗಿ ಕಿಲೋಮೀಟರುಗಳಲ್ಲಿ ದೊರೆಯುವುದು. ದಡದ ಗೋಪುರವು 49 ಮೀಟರಾದರೆ 28. ಬೋಟಿನ ಆಂಟೆನಾ 4 ಮೀಟರಿನಲ್ಲಿದ್ದರೆ 8, ಒಟ್ಟು 36. ಅದನ್ನೇ ಕಂಬದ ತುದಿಗೆ, 9 ಮೀಟರಿಗೆ, ಏರಿಸಿದರೆ 40.

‘ಅತಿ ಬಲವುಳ್ಳ’ ಆಂಟೆನಾವನ್ನೇ ಕೊಳ್ಳಿರೆಂಬ ಅಂಗಡಿಯ ಮಾತು ನೆಲದ ಮೇಲೆ ಸರಿ. ಅಂತಹುದು ತನ್ನ ಬಲವನ್ನು ತೆಳ್ಳಗಿನ ದೋಸೆಯಂತೆ ಹರಡಿಕೊಂಡಿರುತ್ತದೆ. ಬೋಟು ಹೊಯ್ದಾಡಿದಾಗ ಆ ದೋಸೆಯ ಒಂದು ಅಂಚು ಆಕಾಶಕ್ಕೂ ಇನ್ನೊಂದು ನೀರಿಗೂ ತಿರುಗಿ ದಡವು ನಡುವೆ ತಪ್ಪಿಹೋಗುವುದು. ಕಡಲಿಗೆ ಮಧ್ಯಮ ಬಲದ್ದೇ ಲೇಸು. ಉದ್ದನೆಯ ತೆಳುವಾದ ಕೇಬಲ್ಲೂ ಬಂದ ಬಲವನ್ನು ದಾರಿಯಲ್ಲಿಯೇ ನುಂಗುತ್ತದೆ. ಆದುದರಿಂದ ರೂಟರನ್ನು ನೀರು ಹೊಗದ ಪೆಟ್ಟಿಗೆಯಲ್ಲಿಟ್ಟು ಆಂಟೆನಾದ ಬುಡದಲ್ಲಿಯೇ ಕಟ್ಟಿಸಿ, ಅಲ್ಲಿಂದ ಕ್ಯಾಬಿನ್ನಿಗೆ ತಂತಿಯನ್ನು ಇಳಿಸಿ, ಒಳಗೊಂದು ಚಿಕ್ಕ ವೈಫೈ ಪೆಟ್ಟಿಗೆಯನ್ನು ಇರಿಸಿದೆವು. ಕೀಲುಗಳಿಗೆ ಉಪ್ಪುಗಾಳಿ ತಾಗದಂತೆ ರಬ್ಬರಿನ ಪಟ್ಟಿಯನ್ನು ಸುತ್ತಿಸಿದುದೇ ಹೆಚ್ಚು ಹೊತ್ತು ಹಿಡಿದ ಕೆಲಸ.

ದಿಗಂತದ ಆಚೆಗೆ ಇದಾವುದೂ ನಡೆಯದು. ಅಲ್ಲಿಗೆ ಉಪಗ್ರಹದ ಮೂಲಕ ಎಚ್ಚರಿಕೆ ತರುವ ‘ಜೆಮಿನಿ’ ಸಾಧನವು 2019ರಲ್ಲಿ ಹೊರಬಂದಿತು. ಆದರೆ ಅದು ಸುದ್ದಿಯನ್ನು ತರುವುದೇ ಹೊರತು ಒಯ್ಯುವುದಿಲ್ಲ.

ಕಂಬದಿಂದ ಗಳಿಸಿದ ನಾಲ್ಕು ಕಿಲೋಮೀಟರು ಬೋಟಿಗೆ ಹೆಚ್ಚು ಕಡಿಮೆ ಕಾಲುಗಂಟೆಯ ದಾರಿ. “ಇಷ್ಟೆಯೇ?” ಎಂದು ನಾವು ಕೇಳಿದೆವು. ಶಿಷ್ಯನ ತಾಯಿ, “ಆ ಕಾಲುಗಂಟೆ ನಿಮಗೆ ಗೊತ್ತಿಲ್ಲ, ಮಾಷ್ಟ್ರೇ” ಎಂದರು.