ಮೋಟಾರು ಗಾಡಿಯ ಮುಂದಿನ ಹಲಗೆ

ಹಳೆಯ ಮೋಟಾರು ಗಾಡಿಗಳ ಪ್ರದರ್ಶನಗಳಲ್ಲಿ ಪ್ರತಿಯೊಂದು ಗಾಡಿಯ ಮುಂದೆ ಒಂದು ಹಲಗೆಯನ್ನು ನಿಲ್ಲಿಸುವದು ವಾಡಿಕೆ. ಗಾಡಿಯ ಹೆಸರು, ಅದು ಹುಟ್ಟಿದ ವರ್ಷ, ಯಂತ್ರದ ಗಾತ್ರ, ಒಡೆಯನ ಹೆಸರು, ಇಷ್ಟೇ ಅದರಲ್ಲಿರುವದು. ಅಚ್ಚು ಹಾಕಿಸಿದ ಹೊಳೆಯುವ ಹಲಗೆಗಳು ಈಗ ಪೇಟೆಯಲ್ಲಿ ಸುಲಭವಾಗಿ ದೊರೆಯುತ್ತವೆ. ಆದರೂ ತಂದೆಯವರು ಬಿಟ್ಟುಹೋದ ಅಂಬಾಸಿಡರ್ ಗಾಡಿಯನ್ನು ಕಳೆದ ವರ್ಷ ಮಂಗಳೂರಿನ ಪ್ರದರ್ಶನವೊಂದಕ್ಕೆ ಒಯ್ಯುವದೆಂದು ನಿಶ್ಚಯವಾದಾಗ, ಹಲಗೆಯನ್ನು ಫರಂಗಿಪೇಟೆಯ ನಮ್ಮ ಮನೆಯಲ್ಲಿಯೇ ಮಾಡತಕ್ಕದ್ದೆಂದು ತಾಯಿಯವರು ಅಪ್ಪಣೆಮಾಡಿದರು.

ಹಳೆಯ ಕದವೊಂದರ ಹಲಸಿನ ಹಲಗೆ ಅಟ್ಟದಲ್ಲಿತ್ತು. ಅದನ್ನು ಎರಡಡಿ ಅಗಲಕ್ಕೂ ಮೂರಡಿ ಎತ್ತರಕ್ಕೂ ಕೊಯ್ದು, ಪಾಲಿಶ್ ಕಾಗದದಿಂದ ಉಜ್ಜಿ, ಎರಡಾವರ್ತಿ ಬಿಳಿಯ ಬಣ್ಣ ಹಚ್ಚಿದೆವು. ಹಿಂದುಗಡೆ ತಿರುಗಣಿಯಿಂದ ಒಂದು ಕಾಲು. ಅದು ಜಾರದಂತೆ ಗೇಣುದ್ದದ ಸರಪಣಿ. ಬಡಗಿಗಳು ಮಾಡುವಂತೆ ಸೀಮೆಸುಣ್ಣ ಬಳಿದ ನೂಲನ್ನು ಬಿಗಿಯಾಗಿ ಹಿಡಿದು ಚಿಮ್ಮಿಸಿ ಗೆರೆಗಳನ್ನು ಮೂಡಿಸಿದೆವು. ಇಂಗ್ಲಿಷು ಅಕ್ಷರಗಳಿಗೆ ಸಾಲುವ ಅಂತರ ಕನ್ನಡಕ್ಕೆ ಸಾಲದು. ಮೇಲಣ ಸಾಲಿನ ಒತ್ತಕ್ಷರವು ಕೆಳಗಣ ಸಾಲಿನ ಗುಡಿಸನ್ನು ಹೋಗಿ ತಾಗುತ್ತದೆ. 1841ರಲ್ಲಿ ಮಂಗಳೂರಲ್ಲಿ ಮುದ್ರಣಾಲಯವನ್ನು ತೆರೆದ ಬಾಸೆಲ್ ಮಿಶನಿನವರು ಈ ಒತ್ತುಗಳಿಂದ ಎಷ್ಟು ಬಳಲಿರಬೇಕೆಂದು ನನಗೆ ಆಗ ತೋರಿತು!

ಇನ್ನು ಬರೆಯುವದೇನು? ಅಣ್ಣನವರಿಗೆ ಅಂಕೆಗಳೇ ಪ್ರಿಯ. ಉತ್ತರಪಾರಾದ ಹಿಂದುಸ್ಥಾನ್ ಮೋಟರ್ಸ್ ಕಾರ್ಖಾನೆ, 1489 ಘನ ಸೆಂಟಿಮೀಟರಿನ ಯಂತ್ರ, 2014ರಲ್ಲಿ ಈ ಜಾತಿಯ ಗಾಡಿಗಳ ತಯಾರಿ ನಿಂತದ್ದು. ತಾಯಿಯವರು ಎಲ್ಲವನ್ನೂ ಕೇಳಿ, “ಅಷ್ಟು ಎಲ್ಲಾ ಅಂಬಾಸಿಡರುಗಳಿಗೂ ಉಂಟಲ್ಲ, ಮಗಾ,” ಅಂದರು. ಮಳೆಗಾಲದ ನಡುರಾತ್ರಿಗಳಲ್ಲಿ ಬಾಗಿಲು ತಟ್ಟಿದ ಸದ್ದು ಅವರ ಕಿವಿಯಲ್ಲಿತ್ತು. ಹೆರಿಗೆಯ ಬೇನೆ ತಿನ್ನುವ ಹೆಂಗಸರನ್ನು ಜಾತಿಮತ ನೋಡದೆ ಮಂಗಳೂರ ಆಸ್ಪತ್ರೆಗಳಿಗೆ ಮುಟ್ಟಿಸಿದ ಗಾಡಿಯದು. ಆದರೆ ಸ್ಟಿಯರಿಂಗ್ ಹಿಡಿದವರು ತಂದೆಯವರಲ್ಲ. ನಾವು ಡ್ರೈವರಣ್ಣನೆಂದು ಕರೆಯುವ ನೆರೆಮನೆಯ ಹಿರಿಯರು. ಒಡೆಯನ ಹೆಸರಿನ ಕೆಳಗೆ, ಅದೇ ಗಾತ್ರದ ಅಕ್ಷರಗಳಲ್ಲಿ, ಅವರ ಹೆಸರೂ ಬರಬೇಕೆಂದು ತಾಯಿಯವರು ಹಟಹಿಡಿದರು. ಅಣ್ಣನವರು ಒಂದು ದಿವಸ ಮೌನವಾಗಿದ್ದು, ಮರುದಿನ ತಾವೇ ಪೆನ್ಸಿಲಿನಿಂದ ಆ ಹೆಸರನ್ನು ಗುರುತಿಸಿಕೊಟ್ಟರು. ಹೆಂಗಸರ ಹೆಸರುಗಳನ್ನು ಮಾತ್ರ ಬರೆಯಲಿಲ್ಲ. ಅದು ಅವರವರ ಮನೆಯ ಮಾತು.

ಒಂದು ಮೂಲೆಯನ್ನು ನಾನು ಕೇಳಿ ಪಡೆದೆನು. ಕಾರ್ಲ್ ಬೆಂಜ್ ಎಂಬವನು 1886ರಲ್ಲಿ ಮೂರು ಚಕ್ರದ ಮೋಟಾರು ಗಾಡಿಗೆ ಹಕ್ಕುಪತ್ರ ಪಡೆದದ್ದು ಎಲ್ಲರಿಗೂ ತಿಳಿದದೆ. ಆದರೆ 1888ರ ಆಗಸ್ಟಿನಲ್ಲಿ ಗಂಡನಿಗೆ ಮುಂದಾಗಿ ತಿಳಿಸದೆ ಇಬ್ಬರು ಗಂಡುಮಕ್ಕಳೊಡನೆ ಮಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿಗೆ, ತವರೂರಿಗೆ, ಆ ಗಾಡಿಯನ್ನು ನಡಿಸಿದವಳು ಅವನ ಹೆಂಡತಿ ಬೆರ್ತಾ. ದಾರಿಯಲ್ಲಿ ಎಣ್ಣೆ ತೀರಲು ಔಷಧದಂಗಡಿಯಲ್ಲಿ ಕೊಂಡಳು. ಎಣ್ಣೆಯ ನಳಿಗೆ ಕಟ್ಟಿಕೊಳ್ಳಲು ಟೊಪ್ಪಿಯ ಸೂಜಿಯಿಂದ ಬಿಡಿಸಿದಳು. ತಡೆಗಟ್ಟೆ ಸವೆಯಲು ಅದಕ್ಕೆ ತೊಗಲು ಹೊಡಿಸಿದಳು. ಇದನ್ನು ಐದು ಸಾಲುಗಳಲ್ಲಿ ಬರೆದೆನು. ಇಂಥಾ ಪ್ರದರ್ಶನಗಳಲ್ಲಿ ಹುಡುಗಿಯರನ್ನು ಪಟ ತೆಗೆಯುವದಕ್ಕಲ್ಲದೆ ಗಾಡಿಯ ಬಳಿಗೆ ಕರೆಯುವವರು ಕಡಿಮೆ.

ಪ್ರದರ್ಶನದ ದಿವಸ ಡ್ರೈವರಣ್ಣನು ಕನ್ನಡಕ ಹಾಕಿಕೊಂಡು ಹಲಗೆಯನ್ನು ಮೇಲಿನಿಂದ ಕೆಳಗಿನ ತನಕ ಓದಿದರು. ತಮ್ಮ ಹೆಸರಿನ ವಿಷಯದಲ್ಲಿ ಏನೂ ಅನ್ನಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಮಧ್ಯವಯಸ್ಸಿನ ಒಬ್ಬಾಕೆ ತನ್ನ ಎತ್ತರದ ಮಗನನ್ನು ಮುಂದಕ್ಕೆ ತಂದು, “ಇವನೇ ಆ ರಾತ್ರಿಯವನು,” ಅಂದಳು. ಡ್ರೈವರಣ್ಣನು ಹಿಂದಿನ ಬಾಗಿಲನ್ನು ತೆರೆದು, ಕುಳಿತುಕೋ ಎಂದು ಆ ಹುಡುಗನಿಗೆ ಕೈತೋರಿಸಿದರು.