ಅಂಡಚೋರನ ಮೇಲಣ ಅಪವಾದ

ಹಕ್ಕಿಗೆ ಸಂಸ್ಕೃತದಲ್ಲಿ ದ್ವಿಜವೆಂಬ ಹೆಸರುಂಟು. ಮೊಟ್ಟೆಯಾಗಿ ಒಮ್ಮೆ, ಮೊಟ್ಟೆಯೊಡೆದು ಮರಿಯಾಗಿ ಮತ್ತೊಮ್ಮೆ, ಹೀಗೆ ಎರಡು ಸಲ ಹುಟ್ಟುವುದರಿಂದ ಆ ಹೆಸರು ಸಾರ್ಥಕವಾಗಿದೆ. ಆದರೆ ಈ ಎರಡು ಜನ್ಮಗಳಿಗೂ ಹಿಂದೆ ಹಕ್ಕಿಯ ಕುಲಕ್ಕೆ ಒಂದು ಪೂರ್ವವೃತ್ತಾಂತವಿರುವುದು. ಅಂಗಳದಲ್ಲಿ ಕಾಳು ಹೆಕ್ಕುವ ಗುಬ್ಬಚ್ಚಿಯು ಡೈನೋಸಾರುಗಳೆಂಬ ಪುರಾತನ ಪ್ರಾಣಿಗಳ ವಂಶದ ಕುಡಿಯೆಂದು ಜೀವಶಾಸ್ತ್ರಜ್ಞರು ಇಂದು ಒಪ್ಪಿರುವರು. ಈ ನಿರ್ಣಯವು ಸುಲಭವಾಗಿ ಸಿದ್ಧಿಸಿದುದಲ್ಲ. ಕಣ್ಣೆದುರಿಗಿದ್ದ ಒಂದು ಎಲುಬನ್ನು ಗುರುತಿಸದೆ ಹೋದುದರಿಂದ ಅದು ಸುಮಾರು ಅರ್ಧ ಶತಮಾನ ತಡವಾಯಿತು.

೧೮೬೧ರಲ್ಲಿ ಜರ್ಮನಿಯ ಜೋಲ್ನ್‌ಹೋಫೆನ್ ಪ್ರಾಂತದ ಸುಣ್ಣಕಲ್ಲಿನಲ್ಲಿ ಆರ್ಕಿಯಾಪ್ಟೆರಿಕ್ಸ್ ಎಂಬ ಜೀವಿಯ ಶಿಲಾವಶೇಷವು ದೊರೆಯಿತು. ಸುಮಾರು ೧೫ ಕೋಟಿ ವರ್ಷಗಳ ಹಿಂದಿನ ಆ ಜೀವಿಗೆ ಹಕ್ಕಿಯ ಗರಿಗಳಿದ್ದುವು. ಜೊತೆಗೆ ದವಡೆಯಲ್ಲಿ ಹಲ್ಲುಗಳೂ, ಎಲುಬಿನ ನೀಳಬಾಲವೂ, ರೆಕ್ಕೆಯಲ್ಲಿ ಉಗುರುಳ್ಳ ಬೆರಳುಗಳೂ ಇದ್ದುವು. ಇಂಗ್ಲೆಂಡಿನ ಹಕ್ಸ್ಲೀ ಪಂಡಿತರು ಹಕ್ಕಿಗಳ ಎಲುಬುಗಳನ್ನು ಡೈನೋಸಾರುಗಳ ಎಲುಬುಗಳೊಡನೆ ಹೋಲಿಸಿ, ಇವೆರಡಕ್ಕೂ ನಿಕಟಬಾಂಧವ್ಯವುಂಟೆಂದು ೧೮೬೮ರಲ್ಲಿ ವಾದಿಸಿದರು. ಡೈನೋಸಾರುಗಳೊಳಗೆ ಎರಡು ಕಾಲುಗಳ ಮೇಲೆ ನಡೆಯುತ್ತ, ಟೊಳ್ಳೆಲುಬುಗಳನ್ನು ಹೊಂದಿದ್ದ ಥೆರೋಪಾಡ್ ಎಂಬ ವರ್ಗವೇ ಹಕ್ಕಿಗೆ ಅತ್ಯಂತ ಸದೃಶವಾಗಿದ್ದಿತು.

ಡೆನ್ಮಾರ್ಕಿನ ಚಿತ್ರಕಾರರಾದ ಹೈಲ್‌ಮಾನರೂ ಈ ಸಾದೃಶ್ಯವನ್ನು ಒಪ್ಪಿದರು. ಆದರೆ ೧೯೨೬ರಲ್ಲಿ ಇಂಗ್ಲಿಷಿನಲ್ಲಿ ಹೊರಬಂದ ಗ್ರಂಥದಲ್ಲಿ ಅವರೊಂದು ಆಕ್ಷೇಪವನ್ನು ಮುಂದಿಟ್ಟರು. ಹಕ್ಕಿಯಲ್ಲಿ ಎರಡು ಜತ್ರುಗಳು, ಎಂದರೆ ಕೊರಳ ಬುಡದ ಎಲುಬುಗಳು, ಒಂದಾಗಿ ಬೆಸೆದು ಕವಲುಗೋಲಿನಂತಿರುವುವು. ಥೆರೋಪಾಡುಗಳಲ್ಲಿ ಜತ್ರುವೇ ಕಾಣದು; ವಂಶದಲ್ಲಿ ಒಮ್ಮೆ ಲೋಪವಾದ ಅಂಗವು ಮರಳಿ ಹುಟ್ಟದು; ಆದುದರಿಂದ ಅವು ಹಕ್ಕಿಯ ಪೂರ್ವಜರಲ್ಲ. ವಾದದ ಅಚ್ಚುಕಟ್ಟನ್ನು ನೋಡಿ ವಿದ್ವಾಂಸರಲ್ಲಿ ಬಹುಮಂದಿ ತಲೆದೂಗಿದರು.

ಭಾಟ್ಟಮೀಮಾಂಸಕರು ಅನುಪಲಬ್ಧಿಯನ್ನು, ಎಂದರೆ ಕಾಣದಿರುವಿಕೆಯನ್ನು, ಒಂದು ಪ್ರಮಾಣವೆಂದು ಒಪ್ಪಿರುವರು. ಆದರೆ ಅದಕ್ಕೆ ಯೋಗ್ಯತೆಯೆಂಬ ಕಟ್ಟಳೆಯನ್ನೂ ವಿಧಿಸಿರುವರು. ಬೆಳಕಿನಲ್ಲಿ ನೆಲದ ಮೇಲೆ ಗಡಿಗೆ ಕಾಣದಿದ್ದರೆ ಗಡಿಗೆಯಿಲ್ಲವೆನ್ನಬಹುದು. ಕತ್ತಲೆಯಲ್ಲಿ ಕಾಣದಿದ್ದರೆ ಹಾಗೆನ್ನಲಾಗದು. ಜತ್ರುವಾದರೋ ತೆಳುವಾದ ಎಲುಬು. ಕಲ್ಲಿನಲ್ಲಿ ಮುರಿಯುವುದು, ಸ್ಥಳ ತಪ್ಪುವುದು, ಅಳಿದೇ ಹೋಗುವುದು. ಹೈಲ್‌ಮಾನರ ಹೇತುವಿಗೆ ಆ ಬೆಳಕು ಸಾಲದಾಗಿದ್ದಿತು.

ಸಾಕ್ಷಿಯು ಆಗಲೇ ಅಚ್ಚಾಗಿದ್ದಿತೆಂಬುದೇ ಸೋಜಿಗ. ೧೯೨೩ರಲ್ಲಿ ಮಂಗೋಲಿಯದ ಗೋಬಿ ಮರುಭೂಮಿಯಲ್ಲಿ ಅಮೆರಿಕದ ಅನ್ವೇಷಕರಿಗೆ ಮೊಟ್ಟೆಗಳ ಗೂಡೊಂದರ ಬಳಿ ಒಂದು ಥೆರೋಪಾಡಿನ ಅಸ್ಥಿಗಳು ಸಿಕ್ಕಿದುವು. ಮೊಟ್ಟೆಗಳು ಬೇರೊಂದು ಪ್ರಾಣಿಯವೆಂದೂ, ಇದು ಕದಿಯಲು ಬಂದುದೆಂದೂ ಎಣಿಸಿ, ಓಸ್‌ಬಾರ್ನರು ೧೯೨೪ರಲ್ಲಿ ಅದನ್ನು ಓವಿರಾಪ್ಟರ್, ಅಂಡಚೋರ, ಎಂದು ಕರೆದರು. ಈ ಹೆಸರು ಪ್ರಾಣಿಯ ಸ್ವಭಾವಕ್ಕೆ ಅನ್ಯಾಯ ಮಾಡಬಹುದೆಂದು ಅವರೇ ಶಂಕಿಸಿದ್ದುದು ಅವರ ದೊಡ್ಡತನ. ಅವರು ಪ್ರಕಟಿಸಿದ ಚಿತ್ರದಲ್ಲಿ ಕವಲೆಲುಬು ಇದ್ದೇ ಇದ್ದಿತು. ಅದಕ್ಕೆ ಬೇರೆ ಎಲುಬಿನ ಹೆಸರು ಬಿದ್ದಿದ್ದಿತು. ೧೯೮೩ರಲ್ಲಿ ಮಂಗೋಲಿಯದ ಬಾರ್ಸ್‌ಬೋಲ್ಡರು ಅದನ್ನು ಜತ್ರುವೆಂದು ಗುರುತಿಸಿದರು.

ಅಷ್ಟರಲ್ಲಿ ಹಕ್ಸ್ಲೀಯವರ ಪಕ್ಷವು ಮತ್ತೆ ಚಿಗುರಿದ್ದಿತು. ಅಮೆರಿಕದ ಆಸ್ಟ್ರಮರು ೧೯೬೪ರಲ್ಲಿ ಡೈನೋನಿಕಸ್ ಎಂಬ ಚುರುಕಾದ ಥೆರೋಪಾಡನ್ನು ಕಂಡುಹಿಡಿದು, ಅದರ ಕೈ ಮತ್ತು ಮಣಿಕಟ್ಟಿನ ರಚನೆಯು ಆರ್ಕಿಯಾಪ್ಟೆರಿಕ್ಸಿನ ರಚನೆಯನ್ನೇ ಹೋಲುವುದೆಂದು ತೋರಿಸಿಕೊಟ್ಟರು. ೧೯೯೬ರಲ್ಲಿ ಚೀನದ ಲಿಯಾವ್‌ನಿಂಗ್ ಪ್ರಾಂತದಿಂದ ಗರಿಯಂತಹ ಎಳೆಗಳನ್ನು ಹೊದ್ದ ಡೈನೋಸಾರಿನ ಶಿಲಾವಶೇಷವೂ ಬೆಳಕಿಗೆ ಬಂದಿತು. ೬.೬ ಕೋಟಿ ವರ್ಷಗಳ ಹಿಂದಿನ ಮಹಾಪ್ರಳಯದಲ್ಲಿ ಉಳಿದ ಡೈನೋಸಾರುಗಳೆಲ್ಲ ನಾಮಾವಶೇಷವಾಗಲು, ಹಕ್ಕಿಗಳ ಶಾಖೆಯೊಂದೇ ಬದುಕಿಕೊಂಡಿತು.

ಕಳ್ಳತನದ ಅಪವಾದವೂ ಕೊನೆಗೆ ತೊಲಗಿತು. ೧೯೯೩ರಲ್ಲಿ ಗೋಬಿಯಲ್ಲಿಯೇ ಅದೇ ಬಗೆಯ ಮೊಟ್ಟೆಯೊಂದರೊಳಗೆ ಭ್ರೂಣದ ಎಲುಬುಗಳು ಕಂಡುಬಂದುವು; ಅವು ಅಂಡಚೋರನ ಕುಲದವೇ ಆಗಿದ್ದುವು. ಅದೇ ಕುಲದ ಮತ್ತೊಂದು ಪ್ರಾಣಿಯು ಕಾವಿಗೆ ಕುಳಿತ ಕೋಳಿಯಂತೆ ಮೊಟ್ಟೆಗಳ ಮೇಲೆ ಮೈಯೊಡ್ಡಿ, ಕೈಗಳನ್ನು ಸುತ್ತಲೂ ಚಾಚಿ, ಕುಳಿತಲ್ಲಿಯೇ ಮರಳಿನಲ್ಲಿ ಹುದುಗಿಹೋಗಿದ್ದುದನ್ನು ಶೋಧಕರು ೧೯೯೫ರಲ್ಲಿ ಪ್ರಕಟಿಸಿದರು. ಕದಿಯಲು ಬಂದುದೆಂದು ತಿಳಿದಿದ್ದ ಪ್ರಾಣಿಯು ತನ್ನ ಕುಲದ ಮೊಟ್ಟೆಗಳ ಬಳಿಯಲ್ಲಿಯೇ ಪ್ರಾಣಬಿಟ್ಟಿದ್ದಿತು.

ಪ್ರಾಣಿಶಾಸ್ತ್ರದ ನಾಮಕರಣದಲ್ಲಿ ಮೊದಲಿಟ್ಟ ಹೆಸರೇ ಸ್ಥಿರವೆಂಬ ನಿಯಮವುಂಟು. ಅಂತೆಯೇ ಅಪರಾಧವು ಇಲ್ಲವೆಂದು ಸಿದ್ಧವಾದ ಮೇಲೂ ಆ ಪ್ರಾಣಿಯು ಗ್ರಂಥಗಳಲ್ಲಿ ಅಂಡಚೋರನೆಂಬ ಹೆಸರಿನಿಂದಲೇ ಕರೆಯಲ್ಪಡುತ್ತಿದೆ.