ಬೈಗುಳದ ಹಬ್ಬ

ಮಡಿಕೇರಿಗೆ ಸಮೀಪದ ಗಾಳಿಬೀಡು ಹೆಸರಿಗೆ ತಕ್ಕ ಊರು. ಮುಂಗಾರಿನಲ್ಲಿ ಅಲ್ಲಿ ಗಾಳಿಯೇ ಹಾಡುಗಾರ, ಗಾಳಿಯೇ ವಾದ್ಯಗಾರ. ಅಲ್ಲಿ ಅರುವತ್ತು ಮಳೆಗಾಲಗಳನ್ನು ಕಳೆದ ಗೃಹಸ್ಥರೊಬ್ಬರು, ಇನ್ನು ಯಾವ ಸದ್ದೂ ತಮ್ಮನ್ನು ಬೆಚ್ಚಿಸಲಾರದೆಂದು ನಂಬಿದ್ದರು. ಮೇ ತಿಂಗಳ ಕೊನೆಯ ಭಾಗದ ಒಂದು ಗುರುವಾರ, ಬೆಂಗಳೂರಿನಿಂದ ರಜಕ್ಕೆ ಬಂದ ಮೊಮ್ಮಗನೊಡನೆ ತಿತಿಮತಿಯ ಬಳಿಯ ದೇವರಪುರಕ್ಕೆ ಹೋದಾಗ ಆ ನಂಬಿಕೆ ಸಡಿಲಿತು.

ಅಂದು ಅಲ್ಲಿ ಜೇನುಕುರುಬರೇ ಮೊದಲಾದ ಕಾಡಿನ ಜನರ ಬೇಡುಹಬ್ಬ. ಲೋಕರೂಢಿಯಲ್ಲಿ ಇದಕ್ಕೆ ಕುಂಡೆಹಬ್ಬವೆಂದು ಹೆಸರು. ಸಭ್ಯರು ಸಭೆಯಲ್ಲಿ ಆಡದ ಆ ಪದವೇ ಹಾಡಿನ ಪಲ್ಲವಿ. ಮುಖಕ್ಕೆ ಬಣ್ಣ, ಮಸಿ; ಗಂಡಸರ ಮೈಮೇಲೆ ಹೆಂಗಸರ ಉಡುಗೆ; ಕೈಯಲ್ಲಿ ಸೋರೆಬುರುಡೆ, ತಗಡಿನ ಡಬ್ಬ, ಒಡೆದ ಪ್ಲಾಸ್ಟಿಕ್ ಕೊಡ. ದಾರಿಹೋಕರನ್ನೂ ಅಂಗಡಿಯವರನ್ನೂ ಅಡ್ಡಗಟ್ಟಿ, ಬಾಯ್ತುಂಬ ಬೈದು, ಕಾಸು ಪಡೆದು ಕುಣಿಯುವರು. ಭರತಮುನಿಯು ತತ, ಸುಷಿರ, ಅವನದ್ಧ, ಘನವೆಂದು ವಾದ್ಯಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸಿದ್ದಾನೆ. ಒಡೆದ ಕೊಡವನ್ನು ಘನವಾದ್ಯಗಳ ಸಾಲಿಗೆ ಸೇರಿಸಿದರೆ ಅವನೇನೂ ಮುನಿಯಲಾರನು.

“ಅಜ್ಜಾ, ಇದು ರಾಕ್ ಅಲ್ಲದೆ ಮತ್ತೇನು?” ಎಂದು ಮೊಮ್ಮಗನು ಕಿವಿಯ ಬಳಿ ಕೂಗಿದನು. 2007ರ ಮಾರ್ಚ್ 17ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಇಂಗ್ಲೆಂಡಿನ ಐರನ್ ಮೇಡನ್ ತಂಡವು ಹಾಡಿತು. ಅಂತಹ ಕಚೇರಿಗಳಲ್ಲಿ ತರುಣರು ಒಬ್ಬರ ಮೇಲೊಬ್ಬರು ಬಿದ್ದು ಕುಣಿಯುವುದನ್ನು ಅವನು ಬಲ್ಲನು. ಹೋಲಿಕೆ ಮೇಲ್ನೋಟಕ್ಕೆ ಸರಿಯೆ. ಆದರೆ ಅಲ್ಲಿ ಚೀಟಿ ಕೊಂಡವನು ಕೇಳುಗನು. ಇಲ್ಲಿ ಕಾಸು ಕೊಡುವವನೇ ಬೈಸಿಕೊಳ್ಳುವವನು.

ಬೈಗುಳಕ್ಕೆ ಒಂದು ಕತೆಯುಂಟು. ಬೇಟೆಗೆಂದು ಇವರನ್ನು ಕರೆದೊಯ್ದ ಅಯ್ಯಪ್ಪನು ದಾರಿಯಲ್ಲಿ ಭದ್ರಕಾಳಿಯನ್ನು ಕಂಡು ಮನಸೋತು, ನಂಬಿ ಬಂದವರನ್ನು ನಡುಕಾಡಿನಲ್ಲಿ ಬಿಟ್ಟು ನಡೆದನಂತೆ. ಆ ಕೋಪವೇ ಇಂದಿಗೂ ಹಾಡಾಗಿ ಬರುವುದು. ಭಾಗವತದ ಏಳನೆಯ ಸ್ಕಂಧದಲ್ಲಿ ನಾರದರು ಶಿಶುಪಾಲನ ಸದ್ಗತಿಗೆ ಕಾರಣವನ್ನು ಹೇಳುವಾಗ, ವೈರದಿಂದ ನೆನೆದರೂ ನೆನಹು ನೆನಹೇ ಎಂಬ ತತ್ತ್ವವನ್ನು ಎತ್ತಿಹಿಡಿದಿದ್ದಾರೆ. ದೇವರು ತಮ್ಮವನೆಂಬ ಸಲಿಗೆಯಿಲ್ಲದವನು ದೇವರನ್ನು ಬೈಯುವುದೆಂತು?

ಕತೆಯ ಅಡಿಯಲ್ಲಿ ಇನ್ನೊಂದು ದುಃಖವೂ ಅಡಗಿದೆ. ನಾಗರಹೊಳೆಯ ಕಾಡು ರಾಷ್ಟ್ರೀಯ ಉದ್ಯಾನವಾದ ಮೇಲೆ ಅಲ್ಲಿನ ಎಷ್ಟೋ ಹಾಡಿಗಳು ತೆರವಾದವು. ಜೇನು ಕೀಳುತ್ತಿದ್ದ ಕುಲದವರಲ್ಲಿ ಅನೇಕರು ಕಾಫಿತೋಟದ ಲೈನ್‌ಮನೆಗಳಲ್ಲಿ ಕೂಲಿಯವರಾಗಿ ಬಾಳುತ್ತಿದ್ದಾರೆ. ನಡುಕಾಡಿನಲ್ಲಿ ಕೈಬಿಟ್ಟವನು ದೇವರೊಬ್ಬನೇ ಅಲ್ಲ. ವರ್ಷವೆಲ್ಲ ಧಣಿಯ ಮುಂದೆ ತಗ್ಗಿಸಿದ ದನಿಗೆ ಈ ಒಂದು ದಿನ ಅಳತೆಯಿಲ್ಲ, ಅಂಕೆಯಿಲ್ಲ.

ಇದು ಅಸಭ್ಯವೆಂದು ಮೂಗು ಮುರಿಯುವವರುಂಟು. ಚಿತ್ರ ತೆಗೆದುಕೊಂಡು ನಗುವ ಪ್ರವಾಸಿಗಳೂ ಉಂಟು. ಗಾಳಿಬೀಡಿನ ಹಿರಿಯರಾದರೋ ಜೇಬಿನ ಚಿಲ್ಲರೆಯನ್ನೆಲ್ಲ ಕೊಟ್ಟು, ತಮ್ಮ ಪಾಲಿನ ಬೈಗುಳವನ್ನು ನಿಂತು ಪೂರ್ತಿಯಾಗಿ ಕೇಳಿದರು. ಕುಣಿತ ಮುಗಿದ ಮೇಲೆ ಕುಣಿದವರೇ ಗುಡಿಯ ಮುಂದೆ ತಪ್ಪಾಯಿತೆಂದು ಕೈಮುಗಿಯುವರು. ಆ ಕ್ಷಮೆಯನ್ನು ಯಾರು ಯಾರಲ್ಲಿ ಬೇಡಬೇಕಾಗಿತ್ತೆಂಬುದನ್ನು ವಾಚಕರು ಯೋಚಿಸತಕ್ಕದ್ದು.